ಪಗಾರ ಬಾಕಿ ಉಳಿದರೆ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು?

ಮಾಲಕ ಪಗಾರ ಕೊಟ್ಟಿಲ್ಲ ಅಂತಾದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬಹಳ ಜನ ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿ ‘ಇದು ನಮಗೆ ಬರೋದಲ್ಲ, ಲೇಬರ್ ಆಫೀಸಿಗೆ ಹೋಗಿ’ ಅನ್ನುತ್ತಾರೆ. ಲೇಬರ್ ಆಫೀಸಿನಲ್ಲಿ ಒಂದು ಹಾಳೆ ದೂರು ಬರೆದುಕೊಟ್ಟು ಮನೆಗೆ ಬರುತ್ತಾರೆ. ಮಾಲಕ ‘ಚೌತಿ ಕಳೀಲಿ’ ಅನ್ನುತ್ತಾನೆ, ಚೌತಿ ಆದಮೇಲೆ ‘ದೀಪಾವಳಿ ಆಗ್ಲಿ’ ಅನ್ನುತ್ತಾನೆ. ಅಷ್ಟರಲ್ಲಿ ಅರ್ಜಿ ಹಾಕುವ ಅವಧಿ ಕರಗುತ್ತಾ ಇರುತ್ತದೆ, ದೂರು ಕೊಟ್ಟಾಗಿದೆಯಲ್ಲ ಅಂತ ಇವರು ಸುಮ್ಮನೆ ಕೂತಿರುತ್ತಾರೆ.

ಕಾರವಾರ, ಕುಮಟಾ, ಶಿರಸಿ, ಭಟ್ಕಳ ಕಡೆ ಕೆಲಸ ಮಾಡುವವರಿಗೆ ಇರುವ ದಾರಿಗಳನ್ನೆಲ್ಲ ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬರೀ ದುಡ್ಡು ಬಾಕಿ ಇದ್ದವರಿಗೆ ಲೇಬರ್ ಕೋರ್ಟೂ ಬೇಡ, ಸಿವಿಲ್ ದಾವೆಯೂ ಬೇಡ. ಬೇಕಾಗಿರುವುದು ಕ್ಲೇಮ್ ಅರ್ಜಿ, ಅಂದರೆ ಬಾಕಿ ಕೊಡಿಸಿ ಅಂತ ಆದೇಶ ಕೇಳುವ ಅರ್ಜಿ. ಕೆಲಸವನ್ನೇ ಕಳೆದುಕೊಂಡವರ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ವಿಷಯ ಗೊತ್ತಿರಲಿ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು (ಲೇಬರ್ ಕೋಡ್) ಜಾರಿಗೆ ಬಂದಿವೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಕಾಯ್ದೆ ಎಲ್ಲ ಈಗ ವೇತನ ಸಂಹಿತೆಯ ಒಳಗೆ ಸೇರಿವೆ. ಹಳೇ ನಮೂನೆ, ಹಳೇ ಹೆಸರು ಇನ್ನೂ ಎಲ್ಲರ ಬಾಯಲ್ಲೂ ಇವೆ. ಕಚೇರಿಯಲ್ಲಿ ಹಳೇ ಫಾರಂ ಕೈಗಿತ್ತರೆ ಗಾಬರಿ ಬೇಡ, ತುಂಬಿಸಿ ಕೊಡಿ. ಮೇಲೆ ‘ವೇತನ ಸಂಹಿತೆ 2019ರ ಕಲಂ 45ರ ಅಡಿಯಲ್ಲಿಯೂ’ ಅಂತ ಒಂದು ಸಾಲು ಸೇರಿಸಿ.

ಮೊದಲು ಕಾಗದ

ಯಾವ ದಾರಿ ಹಿಡಿದರೂ ಕೇಳುವುದು ಎರಡೇ ಪ್ರಶ್ನೆ. ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಏನು ಗುರುತು? ಎಷ್ಟು ಬಾಕಿ?

ನೇಮಕಾತಿ ಪತ್ರ, ಪಗಾರ ಚೀಟಿ ಇದ್ದರೆ ಒಳ್ಳೆಯದೇ. ಆದರೆ ಶಿರಸಿಯ ಬಟ್ಟೆ ಅಂಗಡಿಯಲ್ಲೋ ಗೋಕರ್ಣದ ಹೋಂಸ್ಟೇಯಲ್ಲೋ ಕೆಲಸ ಮಾಡುವವರಿಗೆ ಅವನ್ನೆಲ್ಲ ಕೊಡುವವರು ಯಾರು? ಅದಿಲ್ಲ ಅಂದ ಮಾತ್ರಕ್ಕೆ ಕೇಸು ಬಿದ್ದುಹೋಗುವುದಿಲ್ಲ. ಹಿಂದಿನ ತಿಂಗಳುಗಳಲ್ಲಿ ಮಾಲಕನ ನಂಬರಿನಿಂದ ಬಂದ ಫೋನ್‌ಪೇ, ಗೂಗಲ್‌ಪೇ ಜಮೆಗಳು ಒಳ್ಳೆ ಸಾಕ್ಷಿ. ಕೆಲಸದ ವಾಟ್ಸಾಪ್ ಗ್ರೂಪು, ‘ನಾಳೆ ಆರಕ್ಕೇ ಬಾ’ ಅನ್ನುವ ಮೆಸೇಜು, ‘ಮುಂದಿನ ತಿಂಗಳು ನೋಡುವಾ’ ಅನ್ನುವ ವಾಯ್ಸ್ ನೋಟು, ಯೂನಿಫಾರಂ ಹಾಕಿದ ಫೋಟೋ, ಬಿಲ್ಲಿನ ಮೇಲೆ ನಿಮ್ಮ ಸಹಿ, ಜೊತೆಗೆ ಕೆಲಸ ಮಾಡಿದವರ ಮಾತು, ಎಲ್ಲ ಲೆಕ್ಕಕ್ಕೆ ಬರುತ್ತವೆ. ಗ್ರೂಪಿನಿಂದ ನಿಮ್ಮನ್ನು ತೆಗೆದುಹಾಕುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲಸ ಬಿಟ್ಟ ದಿನವೇ ಆ ಗ್ರೂಪು ಮಾಯ ಆಗುತ್ತದೆ.

ಹೊಸ ಸಂಹಿತೆಯಲ್ಲಿ ಕೆಲಸಗಾರನಿಗೆ ಒಂದು ದೊಡ್ಡ ಅನುಕೂಲ ಇದೆ. ಪಗಾರ ಅಥವಾ ಬೋನಸ್ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಅಂತ ನೀವು ಕ್ಲೇಮ್ ಹಾಕಿದರೆ, ‘ಕೊಟ್ಟಿದ್ದೇನೆ’ ಅಂತ ತೋರಿಸುವ ಹೊಣೆ ಮಾಲಕನದು. ನೀವು ಕೆಲಸ ಮಾಡಿದ್ದನ್ನು ತೋರಿಸಿದರೆ, ಪಗಾರ ಪುಸ್ತಕ ತಂದು ತೋರಿಸಬೇಕಾದವನು ಅವನು.

ಇನ್ನೊಂದು ಚಿಕ್ಕ ಕೆಲಸ. ಮಾಲಕನಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ತಿಂಗಳಿನದು, ಎಷ್ಟು, ಯಾವ ದಿನದ ಒಳಗೆ ಬೇಕು ಅಂತ ಮಾತ್ರ. ಸಿಟ್ಟು, ಶಾಪ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆಗೇ ಸೇರಿಹೋಗಿದೆ, ಅದನ್ನು ಹುಡುಕಿಕೊಂಡು ಹೋಗಬೇಡಿ. ತಿಂಗಳ ಪಗಾರ ಮುಂದಿನ ತಿಂಗಳ 7ರ ಒಳಗೆ ಬರಬೇಕು. ಕೆಲಸ ಬಿಟ್ಟರೂ, ತೆಗೆದುಹಾಕಿದರೂ, ಪಗಾರದ ಬಾಕಿ ಎರಡು ಕೆಲಸದ ದಿನದ ಒಳಗೆ ಚುಕ್ತಾ ಆಗಬೇಕು ಅಂತ ಸಂಹಿತೆ ಹೇಳುತ್ತದೆ. ಆ ಎರಡು ಸಾಲು ಪತ್ರದಲ್ಲಿ ಇರಲಿ. ಸಣ್ಣ ಮಾಲಕರಿಗೆ ಇದು ಗೊತ್ತೇ ಇರುವುದಿಲ್ಲ, ಎಷ್ಟೋ ಸಲ ಪತ್ರಕ್ಕೇ ಕೆಲಸ ಮುಗಿಯುತ್ತದೆ.

ದೂರು ಮತ್ತು ಕ್ಲೇಮ್: ಎರಡೂ ಒಂದೇ ಅಲ್ಲ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಲೇಬರ್ ಇನ್‌ಸ್ಪೆಕ್ಟರಿಗೆ ಕೊಡುವ ದೂರು ಒಂದು ಮನವಿ ಅಷ್ಟೇ. ಅವರು ಮಾಲಕನಿಗೆ ಫೋನ್ ಮಾಡಬಹುದು, ನೋಟಿಸು ಕೊಡಬಹುದು, ಅಂಗಡಿಗೆ ಬಂದು ರಿಜಿಸ್ಟರ್ ನೋಡಬಹುದು, ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದು. ಹೊಸ ಕಾನೂನಿನಲ್ಲಿ ಅವರ ಹುದ್ದೆಗೆ ‘ಅನುಕೂಲಕಾರ’ ಅನ್ನುವ ಬಾಲವೂ ಸೇರಿದೆ. ‘ಇಷ್ಟು ದುಡ್ಡು ಕೊಡು’ ಅಂತ ಆದೇಶ ಮಾಡುವ ಅಧಿಕಾರ ಮಾತ್ರ ಅವರಿಗಿಲ್ಲ. ಹಾಗಂತ ಈ ದಾರಿ ದಂಡ ಅಂತ ಅಲ್ಲ. ಬಾಕಿ ಸಣ್ಣದು, ಮಾಲಕ ಊರಲ್ಲೇ ಇರುವವನು, ನಾಲ್ಕು ಜನರ ಎದುರು ಮರ್ಯಾದೆಗೆ ಅಂಜುವವನು ಅಂತಾದರೆ ಇದಕ್ಕಿಂತ ಬೇಗ ಆಗುವ ದಾರಿ ಬೇರೆ ಇಲ್ಲ. ಖರ್ಚೂ ಇಲ್ಲ.

ಕ್ಲೇಮ್ ಅರ್ಜಿ ಬೇರೆಯದೇ. ಇದು ವೇತನ ಸಂಹಿತೆಯ ಕಲಂ 45ರ ಅಡಿ ನೇಮಕವಾದ ಪ್ರಾಧಿಕಾರಕ್ಕೆ ಹೋಗುತ್ತದೆ. ಗೆಜೆಟೆಡ್ ದರ್ಜೆಗಿಂತ ಕೆಳಗಿನವರು ಆ ಜಾಗದಲ್ಲಿ ಕೂರುವಂತಿಲ್ಲ. ಅವರು ಎರಡೂ ಕಡೆ ಕೇಳಿ ಆದೇಶ ಮಾಡುತ್ತಾರೆ. ಬಾಕಿಯ ಜೊತೆಗೆ ಪರಿಹಾರವನ್ನೂ ಸೇರಿಸಬಹುದು, ಕ್ಲೇಮಿನ ಹತ್ತು ಪಟ್ಟಿನವರೆಗೆ. ಹತ್ತು ಪಟ್ಟು ಅನ್ನುವುದು ಮೇಲಿನ ಮಿತಿ, ಅಷ್ಟೂ ಬರುತ್ತದೆ ಅಂತ ಕನಸು ಕಾಣಬೇಡಿ. ಮೂರು ತಿಂಗಳಲ್ಲಿ ತೀರ್ಮಾನ ಮಾಡಲು ಪ್ರಯತ್ನಿಸಬೇಕು ಅಂತ ಕಾನೂನು ಹೇಳುತ್ತದೆ. ಎದುರಿನವರು ವಕೀಲರನ್ನು ಇಟ್ಟು ದಿನಾಂಕ ಕೇಳುತ್ತಾ ಹೋದರೆ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ.

ಅವಧಿ ಈಗ ಮೂರು ವರ್ಷ. ಹಳೇ ಕಾಯ್ದೆಗಳಲ್ಲಿ ವೇತನ ಪಾವತಿಗೆ 12 ತಿಂಗಳು, ಕನಿಷ್ಠ ವೇತನಕ್ಕೆ 6 ತಿಂಗಳು ಮಾತ್ರ ಇತ್ತು. ಸಂಹಿತೆ ಬರುವ ಮೊದಲಿನ ಬಾಕಿ ಇದ್ದವರು ಮೂರು ವರ್ಷದ ಭರವಸೆಯಲ್ಲಿ ಕೂರಬೇಡಿ. ಈಗಲೇ ಹಾಕಿ, ತಡ ಯಾಕಾಯಿತು ಅಂತ ಕಾರಣ ಬರೆಯಿರಿ. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುವ ಅವಕಾಶ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ.

ಇನ್ನೊಂದು ಬದಲಾವಣೆ. ಹಳೇ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗೆ ಪಗಾರ ಇದ್ದವರಿಗೆ ಮಾತ್ರ ಇತ್ತು. ಈಗ ಆ ಮಿತಿ ಇಲ್ಲ. ಮ್ಯಾನೇಜರ್, ಸೂಪರ್‌ವೈಸರ್, ಅಕೌಂಟೆಂಟ್ ಕೂಡ ಇದೇ ಅರ್ಜಿ ಹಾಕಬಹುದು. ಒಂದೇ ಕಡೆ ಕೆಲಸ ಮಾಡಿದ ಹತ್ತು ಜನ ಸೇರಿ ಒಂದೇ ಅರ್ಜಿ ಹಾಕುವುದಕ್ಕೂ ಅಡ್ಡಿ ಇಲ್ಲ. ನೀವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘವೂ ಹಾಕಬಹುದು. ಗುಂಪಾಗಿ ಹೋದರೆ ಮಾಲಕ ಒಬ್ಬೊಬ್ಬರನ್ನೇ ಕರೆದು ಪುಸಲಾಯಿಸುವುದು ಕಷ್ಟ.

ಹಾಗಾಗಿ ನನ್ನ ಸಲಹೆ: ಮೊದಲು ದೂರು ಕೊಡಿ, ತಪ್ಪಿಲ್ಲ. ಒಂದೆರಡು ತಿಂಗಳು ಕಾಯಿರಿ. ಮಾತುಕತೆ ಎಳೆದಾಡುತ್ತಿದೆ ಅನ್ನಿಸಿದ ಕೂಡಲೇ ‘ನನಗೆ ಕ್ಲೇಮ್ ಅರ್ಜಿಯೇ ಹಾಕಬೇಕು’ ಅಂತ ಬಾಯಿಬಿಟ್ಟು ಹೇಳಿ. ಎರಡಕ್ಕೂ ಒಂದು ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಕು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಸೀಲಿಲ್ಲದ ಪ್ರತಿ ನಿಮ್ಮ ಹತ್ತಿರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕನಿಷ್ಠ ವೇತನದ ಬಗ್ಗೆ ಒಂದು ಮಾತು. ‘ನನಗೆ ಮಾತಾಡಿದ್ದೇ ಅಷ್ಟು, ಅಷ್ಟನ್ನು ಕೊಟ್ಟಿದ್ದಾರೆ’ ಅಂತ ಸುಮ್ನಿರುವವರು ಜಾಸ್ತಿ. ಮಾತಾಡಿದ ಮೊತ್ತ ಸರಕಾರದ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸವೂ ಬಾಕಿಯೇ. ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಸೇರಿ ದರ ಬದಲಾಗುತ್ತದೆ. ಉದ್ದಿಮೆ, ಊರಿನ ವಲಯ, ಕೆಲಸದ ದರ್ಜೆ ನೋಡಿ ದರ ಬೇರೆ ಬೇರೆ. ಗೇರುಬೀಜದ ಕಾರ್ಖಾನೆಯಲ್ಲಿ ಸುಲಿಯುವವರಿಗೆ ಒಂದು, ಹೋಟೆಲಿನವರಿಗೆ ಇನ್ನೊಂದು. ಆ ವರ್ಷದ ದರಪಟ್ಟಿಯನ್ನು ಲೇಬರ್ ಆಫೀಸಿನಲ್ಲೇ ಕೇಳಿ ಪಡೆದು, ಅರ್ಜಿಯಲ್ಲಿ ತಿಂಗಳುವಾರು ವ್ಯತ್ಯಾಸ ಬರೆಯಿರಿ. ಓವರ್‌ಟೈಮ್ ದರ ಮಾಮೂಲಿ ದರದ ಎರಡು ಪಟ್ಟು, ಅದನ್ನೂ ಬಿಡಬೇಡಿ.

ಗ್ರಾಚ್ಯುಟಿ ಬೇರೆ ಅರ್ಜಿ

ಕುಮಟಾದ ಒಂದು ಹೋಟೆಲ್ ಅಂತ ಇಟ್ಟುಕೊಳ್ಳಿ. 12 ಜನ ಕೆಲಸಕ್ಕಿದ್ದಾರೆ. ಅಡುಗೆಯವರೊಬ್ಬರು 6 ವರ್ಷ 7 ತಿಂಗಳು ದುಡಿದು ಬಿಟ್ಟಿದ್ದಾರೆ. ಕೊನೆಯ ಪಗಾರ ತಿಂಗಳಿಗೆ 13,000. ಮೂರು ತಿಂಗಳದ್ದು ಬಂದಿಲ್ಲ, ಅಂದರೆ 39,000 ಬಾಕಿ. ಅವರು ಕೇಳಿಕೊಂಡು ಬರುವುದು ಆ 39,000 ಒಂದನ್ನೇ.

ಗ್ರಾಚ್ಯುಟಿ ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಮಾಲಕ ಕೊಡಬೇಕಾದ ದುಡ್ಡು. ಅದರ ಲೆಕ್ಕ ಹಾಕೋಣ. ತಿಂಗಳ ಪಗಾರವನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದ್ದು 7,500. ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು, ಹಾಗಾಗಿ 7 ವರ್ಷ. ಒಟ್ಟು 52,500. ಅವರು ಕೇಳದೇ ಬಿಟ್ಟದ್ದು ಕೇಳಿದ್ದಕ್ಕಿಂತ ದೊಡ್ಡ ಮೊತ್ತ!

ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ಐದು ವರ್ಷ ಪೂರೈಸಿದವರಿಗೆ ಇದು ಸಿಗುತ್ತದೆ. ತಾವೇ ರಾಜೀನಾಮೆ ಕೊಟ್ಟಿದ್ದರೂ ಸಿಗುತ್ತದೆ. ‘ನೀನಾಗೇ ಬಿಟ್ಟೆ, ನಿನಗೇನೂ ಇಲ್ಲ’ ಅನ್ನುವ ಮಾತು ಸುಳ್ಳು. ಇಂತಿಷ್ಟು ವರ್ಷಕ್ಕೆ ಅಂತ ನಿಗದಿತ ಅವಧಿಯ ಕರಾರಿನಲ್ಲಿ ಸೇರಿದವರಿಗೆ ಹೊಸ ಸಂಹಿತೆಯಲ್ಲಿ ಐದು ವರ್ಷದ ಷರತ್ತು ಇಲ್ಲ, ಒಂದು ವರ್ಷ ದುಡಿದಿದ್ದರೆ ಅದಕ್ಕೆ ತಕ್ಕಷ್ಟು ಬರುತ್ತದೆ. ಮೇಲಿನ ಮಿತಿ 20 ಲಕ್ಷ.

ಮೊದಲು ಮಾಲಕನಿಗೆ ಲಿಖಿತ ಅರ್ಜಿ. 30 ದಿನದಲ್ಲಿ ಕೊಡದಿದ್ದರೆ ಗ್ರಾಚ್ಯುಟಿ ಪ್ರಾಧಿಕಾರಕ್ಕೆ. ಮುಂದಿನ 90 ದಿನದ ಒಳಗೇ ಹಾಕಿಬಿಡುವುದು ಲೇಸು. ತಡಕ್ಕೆ ಬಡ್ಡಿಯೂ ಸೇರುತ್ತದೆ. ಇಲ್ಲಿ ನನಗೆ ಇಷ್ಟವಾದ ಒಂದು ಅಂಶ ಇದೆ. ಆದೇಶ ಆದಮೇಲೆ ಮಾಲಕ ಮೇಲ್ಮನವಿಗೆ ಹೋಗಬೇಕು ಅಂದರೆ ಗ್ರಾಚ್ಯುಟಿ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಸುಮ್ನೆ ಎಳೆಯಲಿಕ್ಕೆ ಅಂತ ಮೇಲ್ಮನವಿ ಹಾಕುವವರಿಗೆ ಇದೊಂದು ಒಳ್ಳೆ ಅಡ್ಡಗಟ್ಟೆ.

ಹಾಗಾಗಿ ಆ ಅಡುಗೆಯವರು ಎರಡು ಅರ್ಜಿ ಹಾಕಬೇಕು: ಪಗಾರಕ್ಕೆ ಒಂದು, ಗ್ರಾಚ್ಯುಟಿಗೆ ಒಂದು. ಬೋನಸ್ ಅವರಿಗೆ ಬರುವುದಿಲ್ಲ, ಅದಕ್ಕೆ 20 ಜನ ಇರಬೇಕು. ಪಿಎಫ್‌ಗೂ 20. ಇಪ್ಪತ್ತು ಅಥವಾ ಜಾಸ್ತಿ ಜನ ಇರುವ ಕಡೆ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಶೇಕಡಾ 8.33ರ ಕನಿಷ್ಠ ಬೋನಸ್ ಇದೆ. ಅದನ್ನೂ ಪಗಾರದ ಕ್ಲೇಮಿನಲ್ಲೇ ಸೇರಿಸಬಹುದು.

ಪಿಎಫ್ ಕತೆ ಬೇರೆ. ನಿಮ್ಮ ಪಗಾರದಲ್ಲಿ ಹಿಡಿದು ಕಟ್ಟಿಲ್ಲ ಅಂತಾದರೆ ಅದು ಬರೀ ಬಾಕಿ ಅಲ್ಲ, ನಂಬಿಕೆದ್ರೋಹದ ಅಪರಾಧ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ತಿಂಗಳು ತಿಂಗಳು ಜಮೆ ಆಗಿದೆಯಾ ನೋಡಿ, ಆಗಿಲ್ಲದಿದ್ದರೆ ಪಿಎಫ್ ಸಂಸ್ಥೆಯ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ಹಾಕಿ. ಮಾಲಕನಿಂದ ವಸೂಲಿ ಮಾಡುವುದು ಅವರ ಕೆಲಸ. ಲೇಬರ್ ಆಫೀಸಿನಲ್ಲಿ ಇದಕ್ಕೆ ಕೂರುವುದು ದಂಡ.

ಕೆಲಸದಿಂದಲೇ ತೆಗೆದಿದ್ದರೆ

ಇಲ್ಲಿ ಕ್ಲೇಮ್ ಅರ್ಜಿ ಸಾಲದು. ದುಡಿದ ದಿನದ ಪಗಾರ ಅದರಿಂದ ಬರುತ್ತದೆ. ಕೆಲಸ ವಾಪಸು ಬೇಕು, ಮನೆಯಲ್ಲಿ ಕೂತ ತಿಂಗಳುಗಳ ಪಗಾರವೂ ಬೇಕು ಅಂದರೆ ಕೈಗಾರಿಕಾ ವಿವಾದದ ದಾರಿಯೇ ಹಿಡಿಯಬೇಕು. ಮೊದಲು ಸಂಧಾನಾಧಿಕಾರಿ ಎದುರು ಮಾತುಕತೆ, ಅದಕ್ಕೆ 45 ದಿನ. ಒಪ್ಪಂದ ಆಗದಿದ್ದರೆ ಅವರ ವರದಿ ಬಂದ 90 ದಿನದ ಒಳಗೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನವೇ ನಡೆಯುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದಕ್ಕೆ ಹೋಗಬೇಕಾದ ಲೇಬರ್ ಕೋರ್ಟ್ ಅಂದರೆ ಹುಬ್ಬಳ್ಳಿ. ಶಿರಸಿ, ಯಲ್ಲಾಪುರ, ದಾಂಡೇಲಿಯವರಿಗೆ ಅದೇನು ಮಹಾ ದೂರ ಅಲ್ಲ. ಕಾರವಾರ, ಹೊನ್ನಾವರ, ಭಟ್ಕಳದವರು ಘಟ್ಟ ಹತ್ತಿ ಹೋಗಬೇಕು, ಒಂದು ವಾಯಿದೆಗೆ ಒಂದು ದಿನದ ಮಜೂರಿ ಹೋಯಿತು ಅಂತಲೇ ಲೆಕ್ಕ. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಬಂದಾದರೆ ಅದೂ ಇಲ್ಲ. 40,000 ರೂಪಾಯಿ ಬಾಕಿಗೆ ಈ ಓಡಾಟ ಗಿಟ್ಟುವುದಿಲ್ಲ. ಹದಿನೈದು ವರ್ಷ ದುಡಿದ ಕೆಲಸ ಹೋಗಿದ್ದರೆ ಗಿಟ್ಟುತ್ತದೆ.

ಹಿಂಬಾಕಿ ಪಗಾರ, ಅಂದರೆ ಮನೆಯಲ್ಲಿ ಕೂತ ತಿಂಗಳುಗಳ ಪಗಾರ ಕೇಳುವವರು ಒಂದು ಸಾಲು ಮರೆಯಬಾರದು: ‘ತೆಗೆದುಹಾಕಿದ ನಂತರ ನನಗೆ ಬೇರೆ ಎಲ್ಲೂ ಸರಿಯಾದ ಸಂಪಾದನೆ ಇರಲಿಲ್ಲ’ ಅಂತ ಅರ್ಜಿಯಲ್ಲೇ ಹೇಳಬೇಕು. ತಪ್ಪಾಗಿ ತೆಗೆದಿದ್ದರೆ ಹಿಂಬಾಕಿ ಕೊಡುವುದೇ ಸಾಮಾನ್ಯ ನಿಯಮ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬೇರೆ ಸಂಪಾದನೆ ಇರಲಿಲ್ಲ ಅನ್ನುವ ಮಾತನ್ನು ಮೊದಲು ಎತ್ತಬೇಕಾದವರು ಕೆಲಸಗಾರರೇ. ನಿಜ ಇದ್ದರೆ ಮಾತ್ರ ಬರೆಯಿರಿ. ಪಕ್ಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದು ಮಾಲಕನಿಗೆ ಗೊತ್ತಿರುತ್ತದೆ, ಅಲ್ವಾ?

ಈ ದಾರಿ ‘ವರ್ಕರ್’ ಎನ್ನುವ ವ್ಯಾಖ್ಯೆಗೆ ಸೇರುವವರಿಗೆ ಮಾತ್ರ. ಮ್ಯಾನೇಜರುಗಳು ಹೊರಗೆ. 18,000ಕ್ಕಿಂತ ಜಾಸ್ತಿ ಪಗಾರದ ಸೂಪರ್‌ವೈಸರುಗಳೂ ಹೊರಗೆ. ಶಾಲೆಯ ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಕಾರ್ಮಿಕರಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಖಾಸಗಿ ಶಾಲೆಯ ಟೀಚರನ್ನು ತೆಗೆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿ ಮೂರು ತಿಂಗಳಲ್ಲಿ ಮೇಲ್ಮನವಿ. ಗ್ರಾಚ್ಯುಟಿ ಮಾತ್ರ ಶಿಕ್ಷಕರಿಗೂ ಇದೆ, ಕೇಳಿ ಪಡೆಯಿರಿ.

ಕೈಗಾ, ಸೀಬರ್ಡ್, ಹೆದ್ದಾರಿ, ಗೋವಾ

ಕಾರವಾರದಲ್ಲಿ ಅರ್ಜಿ ತಪ್ಪು ಕಚೇರಿಗೆ ಹೋಗುವುದಕ್ಕೆ ಇನ್ನೊಂದು ಕಾರಣ ಇದೆ. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಕೊಂಕಣ ರೈಲ್ವೆ, ಹೆದ್ದಾರಿ ಪ್ರಾಧಿಕಾರದ ಕಾಮಗಾರಿ, ಬ್ಯಾಂಕು, ವಿಮೆ ಕಂಪನಿ ಇವೆಲ್ಲ ಕೇಂದ್ರ ಸರಕಾರದ ವ್ಯಾಪ್ತಿ. ಅಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವರೂ ಹಾಗೆಯೇ. ರಾಜ್ಯದ ಲೇಬರ್ ಇನ್‌ಸ್ಪೆಕ್ಟರ್ ಹತ್ತಿರ ಹೋದರೆ ‘ನಮಗೆ ಬರುವುದಿಲ್ಲ’ ಅನ್ನುತ್ತಾರೆ, ಅದು ನೆಪ ಅಲ್ಲ. ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ಹೋಗಬೇಕು. ಅವರ ಸಮಾಧಾನ್ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು.

ಬಂದರಿನವರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಕೇಂದ್ರಕ್ಕೆ ಸೇರುವುದು ಮಂಗಳೂರಿನಂತಹ ಪ್ರಮುಖ ಬಂದರು ಮಾತ್ರ. ಕಾರವಾರದ ವಾಣಿಜ್ಯ ಬಂದರು ರಾಜ್ಯದ್ದು.

ಗುತ್ತಿಗೆ ಕೆಲಸದವರಿಗೆ ಒಂದು ಒಳ್ಳೆ ಸುದ್ದಿ. ಗುತ್ತಿಗೆದಾರ ಪಗಾರ ಕೊಡದೇ ಓಡಿಹೋದರೆ ಕೆಲಸ ಕೊಟ್ಟ ಮೂಲ ಸಂಸ್ಥೆಯೇ ಕೊಡಬೇಕು. ಹಾಗಾಗಿ ಪತ್ರ ಬರೆಯುವಾಗಲೂ, ಅರ್ಜಿ ಹಾಕುವಾಗಲೂ ಇಬ್ಬರ ಹೆಸರನ್ನೂ ಸೇರಿಸಿ. ಗುತ್ತಿಗೆದಾರನ ಕೊನೆಯ ಬಿಲ್ಲು ಪಾಸಾಗುವ ಮೊದಲು ಮೂಲ ಸಂಸ್ಥೆಗೆ ಪತ್ರ ಮುಟ್ಟಿದರೆ ಅರ್ಧ ಗೆದ್ದಂತೆ. ಬಿಲ್ಲು ತಡೆದರೆ ಗುತ್ತಿಗೆದಾರ ತಾನಾಗೇ ಫೋನ್ ಮಾಡುತ್ತಾನೆ. ಗೇಟ್ ಪಾಸ್ ವಾಪಸು ಕೊಡುವ ಮೊದಲು ಅದರ ಎರಡೂ ಬದಿಯ ಫೋಟೋ ತೆಗೆದಿಡಿ. ಅದರಲ್ಲಿ ಗುತ್ತಿಗೆದಾರನ ಹೆಸರು, ಅವಧಿ ಇದ್ದರೆ ನೇಮಕಾತಿ ಪತ್ರಕ್ಕಿಂತ ಗಟ್ಟಿ.

ಮಾಜಾಳಿ ಗಡಿ ದಾಟಿ ಗೋವಾದ ಹೋಟೆಲು, ಔಷಧಿ ಕಂಪನಿಗಳಿಗೆ ಹೋಗುವವರು ನಮ್ಮಲ್ಲಿ ಬಹಳ. ಮನೆ ಸದಾಶಿವಗಡದಲ್ಲಿದ್ದರೂ ಕೆಲಸ ಗೋವಾದಲ್ಲಿ ಅಂದಮೇಲೆ ಅರ್ಜಿ ಗೋವಾದ ಕಾರ್ಮಿಕ ಇಲಾಖೆಗೇ. ಕನಿಷ್ಠ ವೇತನವೂ ಅಲ್ಲಿಯದೇ ಲೆಕ್ಕ.

ಗಲ್ಫಿಗೆ ಹೋದ ಭಟ್ಕಳ, ಹೊನ್ನಾವರ ಕಡೆಯವರಿಗೆ ಒಂದೇ ಮಾತು: ಅಲ್ಲಿಂದ ಹೊರಡುವ ಮೊದಲೇ ಅಲ್ಲಿನ ಕಾರ್ಮಿಕ ಸಚಿವಾಲಯದಲ್ಲಿ ದೂರು ದಾಖಲಿಸಿ, ಭಾರತದ ರಾಯಭಾರ ಕಚೇರಿಗೂ ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ಗೂ ತಿಳಿಸಿ. ಊರಿಗೆ ಬಂದಮೇಲೆ ಇಲ್ಲಿನ ಯಾವ ಕಚೇರಿಯಿಂದಲೂ ಅದನ್ನು ವಸೂಲಿ ಮಾಡುವುದು ಬಹಳ ಕಷ್ಟ. ವಿದೇಶಿ ಹಡಗಿನಲ್ಲಿರುವವರಿಗೆ ಸ್ವಲ್ಪ ಭದ್ರತೆ ಇದೆ. ಎರಡು ತಿಂಗಳು ಪಗಾರ ಬರದಿದ್ದರೆ ಅಂತರರಾಷ್ಟ್ರೀಯ ಸಮುದ್ರ ಕಾರ್ಮಿಕ ಒಪ್ಪಂದದ ಪ್ರಕಾರ ಅದು ‘ಕೈಬಿಟ್ಟ’ ಪ್ರಕರಣ, ಹಡಗಿನ ವಿಮೆಯಿಂದ ನಾಲ್ಕು ತಿಂಗಳವರೆಗಿನ ಬಾಕಿ ಕೇಳಬಹುದು.

ಬೋಟಿನವರ ಪಾಲು

ಮೀನುಗಾರಿಕೆ ಬೋಟಿನಲ್ಲಿ ಎಲ್ಲರಿಗಿಂತ ಕಷ್ಟ. ಬೋಟು ನಡೆಸುವ ತಾಂಡೇಲನಿಗೂ ಅವನ ಕೈಕೆಳಗಿನ ಕಲಾಸಿಗಳಿಗೂ ಎಷ್ಟೋ ಕಡೆ ತಿಂಗಳ ಪಗಾರ ಇರುವುದಿಲ್ಲ. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್, ಐಸು, ರೇಷನ್ನು ಕಳೆದು ಉಳಿದದ್ದರಲ್ಲಿ ಪಾಲು. ನಡುವೆ ಬತ್ತೆ (ಖರ್ಚಿಗೆ ಕೊಡುವ ದುಡ್ಡು), ಸೀಸನ್ನಿನ ಮೊದಲು ಮುಂಗಡ. ಜಗಳ ಬಂದಾಗ ಮಾಲಕ ಹೇಳುವುದು ‘ಅವ ನನ್ನ ಕೆಲಸದವನೇ ಅಲ್ಲ, ಪಾಲುದಾರ’ ಅಂತ. ಬೋಟು ಯಾರ ಹೆಸರಲ್ಲಿದೆ, ಯಾವತ್ತು ಹೊರಡಬೇಕು ಅಂತ ಯಾರು ಹೇಳುತ್ತಾರೆ, ನಷ್ಟ ಆದರೆ ಯಾರ ತಲೆಗೆ, ಬತ್ತೆ ನಿಗದಿಯಾಗಿ ಸಿಗುತ್ತಿತ್ತಾ, ಇವುಗಳ ಮೇಲೆ ತೀರ್ಮಾನ ನಿಲ್ಲುತ್ತದೆ. ನಿಗದಿತ ಬತ್ತೆ ಇದ್ದವರು ಕ್ಲೇಮ್ ಅರ್ಜಿ ಹಾಕಿಯೇ ನೋಡಬೇಕು. ಬರೀ ಪಾಲಿನವರಿಗೆ ವಾದ ಬಿಗಿಯಾಗುತ್ತದೆ, ಸಿವಿಲ್ ಕೋರ್ಟಿನ ಮಾತು ಬರಬಹುದು.

ಇಲ್ಲಿ ಕಾನೂನಿಗಿಂತ ತಾರೀಕು ದೊಡ್ಡದು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಲೆಕ್ಕ ಚುಕ್ತಾ ಆಗಬೇಕಾದ್ದು ಆಗ. ಆಗಸ್ಟ್ 1ಕ್ಕೆ ಬೋಟು ಇಳಿಸಬೇಕು ಅಂದರೆ ಮಾಲಕನಿಗೆ ಜನ ಬೇಕು. ಜುಲೈನಲ್ಲಿ ಇಡೀ ತಂಡ ಒಟ್ಟಿಗೆ ಕೂತು ಕೇಳುವುದಕ್ಕೂ, ಅಕ್ಟೋಬರಿನಲ್ಲಿ ಒಬ್ಬ ಬಂದು ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಬಂದರಿನ ಮೀನುಗಾರರ ಸಂಘದ ಹಿರಿಯರನ್ನು ಕೂರಿಸಿಕೊಂಡು ಮಾತಾಡುವ ಪದ್ಧತಿ ಇನ್ನೂ ಇದೆ, ಅದನ್ನು ಬಿಡಬೇಡಿ. ಮಾತಾದದ್ದನ್ನು ಮಾತ್ರ ಬರೆಸಿ ಸಹಿ ಹಾಕಿಸಿ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗರು ಜೂನಿನಲ್ಲಿ ಊರಿಗೆ ರೈಲು ಹತ್ತುವ ಮೊದಲೇ ಅರ್ಜಿ ಕೊಟ್ಟು, ಊರಿನ ವಿಳಾಸ, ಬ್ಯಾಂಕ್ ಖಾತೆ ನಂಬರು ಬರೆದಿಡಬೇಕು. ಟ್ರಿಪ್ಪಿಗೊಂದರಂತೆ ಕೊಡುವ ಮೀನಿನ ತೂಕದ ಚೀಟಿಯ ಫೋಟೋ ತೆಗೆದಿಟ್ಟುಕೊಂಡರೆ ಪಾಲಿನ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆ ಆಧಾರ ಇಲ್ಲ.

ಚೆಕ್ಕು, ಸಿವಿಲ್ ದಾವೆ, ಪೊಲೀಸು

ಮಾಲಕ ಬಾಕಿಗೆ ಚೆಕ್ ಕೊಟ್ಟು ಅದು ವಾಪಸು ಬಂದರೆ ನಿಮ್ಮ ಕೈ ಎಷ್ಟೋ ಮೇಲಾಯಿತು. ಬ್ಯಾಂಕಿನ ವಾಪಸಾತಿ ಚೀಟಿ ಸಿಕ್ಕ 30 ದಿನದಲ್ಲಿ ನೋಟಿಸು, ಅವರಿಗೆ ಕೊಡಲು 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೋರ್ಟಿನಲ್ಲಿ ದೂರು. ಎರಡು ವರ್ಷದವರೆಗೆ ಸಜೆ ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಈ ದಿನಗಳ ಲೆಕ್ಕ ಒಂದು ತಪ್ಪಿದರೂ ಕೇಸು ಕುಸಿಯುತ್ತದೆ, ಹಾಗಾಗಿ ಇದಕ್ಕೆ ಮಾತ್ರ ವಕೀಲರು ಬೇಕೇ ಬೇಕು. ಚೆಕ್ಕನ್ನು ಮೂರು ತಿಂಗಳ ಒಳಗೆ ಬ್ಯಾಂಕಿಗೆ ಹಾಕಬೇಕು. ‘ಈಗ ಹಾಕ್ಬೇಡ, ಹೇಳ್ತೇನೆ’ ಅನ್ನುವ ಮಾತಿಗೆ ಮರುಳಾಗಿ ಕೂತರೆ ಅದು ಬರೀ ಕಾಗದ.

ಸಿವಿಲ್ ದಾವೆಯನ್ನು ನಾನು ಕೊನೆಯಲ್ಲಿ ಇಡುತ್ತೇನೆ. ಕೋರ್ಟ್ ಶುಲ್ಕ ಕಟ್ಟಬೇಕು, ವರ್ಷಗಟ್ಟಲೆ ಹಿಡಿಯುತ್ತದೆ, ಸಂಹಿತೆಯಲ್ಲಿ ಕೇಳಬಹುದಾದ ಪಗಾರಕ್ಕೆ ಅದು ನಡೆಯುವುದೂ ಇಲ್ಲ. ಕಮಿಷನ್ ಏಜೆಂಟು, ಪಾಲುದಾರ, ಬಿಲ್ಲು ಹಾಕಿ ಕೆಲಸ ಮಾಡುವವರಿಗೆ ಅದೇ ದಾರಿ. ಅವಧಿ ಮೂರು ವರ್ಷ.

ಪೊಲೀಸರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ಹೊಡೆದರೆ, ಬೆದರಿಸಿದರೆ, ಮಾರ್ಕ್ಸ್‌ಕಾರ್ಡು ಅಥವಾ ಆಧಾರ್ ಹಿಡಿದಿಟ್ಟುಕೊಂಡರೆ ಹೋಗಿ. ಮುಂಗಡ ತೀರುವವರೆಗೆ ಬಿಡುವುದಿಲ್ಲ ಅಂತ ಕೂಡಿಹಾಕಿದ್ದರೆ ಅದು 1976ರ ಜೀತಪದ್ಧತಿ ರದ್ದತಿ ಕಾಯ್ದೆಗೆ ಬರುತ್ತದೆ, ಉಪವಿಭಾಗಾಧಿಕಾರಿಗೋ ಜಿಲ್ಲಾಧಿಕಾರಿಗೋ ಕೂಡಲೇ ತಿಳಿಸಿ.

ಕಂಪನಿಯೇ ದಿವಾಳಿಗೆ ಹೋದರೆ ಮೇಲಿನ ಯಾವ ದಾರಿಯಲ್ಲೂ ಬೇಗ ಏನೂ ಆಗುವುದಿಲ್ಲ. ದಿವಾಳಿ ಪ್ರಕ್ರಿಯೆ ನಡೆಸುವವರಿಗೆ ಫಾರಂ ಡಿ ತುಂಬಿ ಬಾಕಿ ದಾಖಲಿಸಿ. ಕಂಪನಿ ಮಾರಾಟಕ್ಕೆ ಬಂದಾಗ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಾಲದಷ್ಟೇ ಸ್ಥಾನ ಇದೆ.

ಖರ್ಚು ಮತ್ತು ವಕೀಲರು

ಕ್ಲೇಮ್ ಅರ್ಜಿಯನ್ನೂ ಗ್ರಾಚ್ಯುಟಿ ಅರ್ಜಿಯನ್ನೂ ನೀವೇ ನಡೆಸಬಹುದು. ಮಾಲಕ ವಕೀಲರನ್ನು ತಂದರೆ ನಿಮಗೂ ಒಬ್ಬರು ಬೇಕು ಅನ್ನಿಸುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಕಾಯ್ದೆಯಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ ಇದೆ. ಸಹಾಯವಾಣಿ 15100.

ರಾಜಿ ಬಗ್ಗೆ ನನ್ನ ಅಂದಾಜು ಹೀಗೆ. ಬಾಕಿ ಪಗಾರದ ಅಸಲಿನಲ್ಲಿ ಒಂದು ರೂಪಾಯಿಯೂ ಬಿಡಬೇಡಿ, ಬಡ್ಡಿ ಮತ್ತು ಪರಿಹಾರದಲ್ಲಿ ಬೇಕಾದರೆ ಬಿಡಿ. ‘ಹಂತಹಂತವಾಗಿ ಕೊಡ್ತೇನೆ’ ಅಂದರೆ ಅಧಿಕಾರಿಯ ಎದುರೇ ತಾರೀಕು ಸಮೇತ ಬರೆಸಿ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ, ಅದು ನಿಮಗೂ ಅನ್ವಯ. ಹಾಗಾಗಿ ಅಲ್ಲಿ ಆತುರ ಬೇಡ. ‘ಎಲ್ಲಾ ಬಾಬ್ತು ಚುಕ್ತಾ’ ಅಂತ ಬರೆದ ಕಾಗದಕ್ಕೆ ದುಡ್ಡು ಖಾತೆಗೆ ಬೀಳುವ ಮೊದಲು ಸಹಿ ಬೇಡವೇ ಬೇಡ. ಖಾಲಿ ಹಾಳೆಗಂತೂ ಯಾವತ್ತೂ ಬೇಡ.

ಆದೇಶ ಆದಮೇಲೆ

ಪಗಾರದ ಕ್ಲೇಮಿನಲ್ಲಿ ಆದ ಆದೇಶದ ವಿರುದ್ಧ 90 ದಿನದಲ್ಲಿ ಮೇಲ್ಮನವಿ ಹಾಕಬಹುದು. ಅವರೂ ಹಾಕಬಹುದು, ನೀವೂ ಹಾಕಬಹುದು. ಮಾಲಕ ಆದೇಶದಂತೆ ಕೊಡದಿದ್ದರೆ ಪ್ರಾಧಿಕಾರ ವಸೂಲಾತಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಭೂಕಂದಾಯ ಬಾಕಿ ವಸೂಲಿ ಮಾಡುವ ರೀತಿಯಲ್ಲೇ ಅದನ್ನು ವಸೂಲಿ ಮಾಡುತ್ತಾರೆ, ಅಂದರೆ ಆಸ್ತಿ ಜಪ್ತಿಯವರೆಗೂ ಹೋಗಬಹುದು. ಫೈಲು ಜಿಲ್ಲಾಧಿಕಾರಿ ಕಚೇರಿಯಿಂದ ತಹಶೀಲ್ದಾರರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ ಇಳಿಯುತ್ತದೆ. ನೀವು ಅದರ ಬೆನ್ನು ಹತ್ತದಿದ್ದರೆ ಅದು ಯಾವುದೋ ಮೇಜಿನ ಮೇಲೆ ಮಲಗಿಬಿಡುತ್ತದೆ. ಆದೇಶದ ದೃಢೀಕೃತ ಪ್ರತಿ ಎರಡು ತೆಗೆದಿಟ್ಟುಕೊಳ್ಳಿ. ಪ್ರಮಾಣಪತ್ರದ ಸಂಖ್ಯೆ, ಕಳಿಸಿದ ತಾರೀಕು ಬರೆದುಕೊಳ್ಳಿ. ತಹಶೀಲ್ದಾರರಿಗೆ ಕೊಡುವ ಪತ್ರದಲ್ಲಿ ಮಾಲಕನ ಅಂಗಡಿ ಎಲ್ಲಿದೆ, ಯಾವ ಬ್ಯಾಂಕಿನಲ್ಲಿ ಖಾತೆ, ಗಾಡಿ ನಂಬರು ಎಷ್ಟು, ಜಮೀನು ಯಾವ ಸರ್ವೆ ನಂಬರು ಅಂತ ನಿಮಗೆ ಗೊತ್ತಿದ್ದಷ್ಟನ್ನೂ ಬರೆಯಿರಿ. ಅವನ ಹತ್ತಿರ ಏನೇನಿದೆ ಅಂತ ಅವನ ಕೈಕೆಳಗೆ ವರ್ಷಗಟ್ಟಲೆ ದುಡಿದ ನಿಮಗೆ ಗೊತ್ತಿರುವಷ್ಟು ತಾಲೂಕು ಕಚೇರಿಗೆ ಗೊತ್ತಿರುವುದಿಲ್ಲ.